ರೈಲು ನಿಲ್ಲದ ನಿಲ್ದಾಣಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಲಂಡನ್ನಿನ ನೆಲದಡಿ ರೈಲಿನಲ್ಲಿ ಕೂತರೆ ಎಂಬತ್ತು–ತೊಂಬತ್ತು ವರ್ಷದ ಹಿಂದೆ ಮುಚ್ಚಿದ ಸ್ಟೇಷನ್‌ಗಳು ಕಿಟಕಿಯಿಂದಲೇ ಕಾಣುತ್ತವೆ ಎಂದು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆವು. ಅದಕ್ಕೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಸಾಲುಸಾಲು ಪತ್ರ ಬಂದಿವೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಈ ಸೀಮೆಯಲ್ಲೇನೂ ಕಮ್ಮಿ ಇಲ್ಲವಲ್ಲ! ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗಳು ಲಂಡನ್ನಿನಲ್ಲಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಅವಳು ಆಫೀಸಿಗೆ ಹೊರಟ ಮೇಲೆ ನಮಗೆ ದಿನವೆಲ್ಲ ಬಿಡುವು. ಈ ಸ್ಟೇಷನ್‌ಗಳನ್ನು ನೋಡಲು ಅನುಮತಿ ಬೇಕೆ? ಯಾವುದರಿಂದ ಶುರು ಮಾಡಬೇಕು?
— ನಿವೃತ್ತ ಶಿಕ್ಷಕ ದಂಪತಿ, ಕೆ.ಆರ್. ಪುರಂ, ಹಾಸನ

ಓಡುವ ರೈಲಿನ ಕಿಟಕಿಯಿಂದ ನೋಡುವುದಕ್ಕೆ ಯಾರ ಅನುಮತಿಯೂ ಬೇಡ, ಮಾಮೂಲಿ ಟಿಕೆಟ್ ಇದ್ದರೆ ಸಾಕು. ಆದರೆ ಶುರುವಿಗೇ ಕಷ್ಟದ್ದನ್ನು ಹಿಡಿಯಬೇಡಿ. ಪಿಕಡಿಲಿ ಲೈನಿನ ಡೌನ್ ಸ್ಟ್ರೀಟ್ ಬಲು ಪ್ರಸಿದ್ಧ ಎಂದು ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ, ಏನೂ ಕಾಣದೆ ಬೇಜಾರಾಗಿ ಬರುತ್ತಾರೆ.

ಮೊದಲು ನೋಡಬೇಕಾದದ್ದು ಮಾರ್ಕ್ ಲೇನ್. ಡಿಸ್ಟ್ರಿಕ್ಟ್ ಇಲ್ಲವೇ ಸರ್ಕಲ್ ಲೈನಿನ ರೈಲಿನಲ್ಲಿ ಟವರ್ ಹಿಲ್‌ನಿಂದ ಮಾನ್ಯುಮೆಂಟ್ ಕಡೆಗೆ ಹೊರಡಿ. ರೈಲು ಟವರ್ ಹಿಲ್ ಬಿಟ್ಟು ಇನ್ನೂ ವೇಗ ಹಿಡಿಯುತ್ತಿರುವಾಗಲೇ ಹಳೆಯ ಪ್ಲಾಟ್‌ಫಾರಂ ಒಂದು ಪಕ್ಕದಲ್ಲಿ ಸರಿದು ಹೋಗುತ್ತದೆ. ಇದು ಸುಲಭವಾಗಲು ಕಾರಣವಿದೆ. ಈ ಲೈನ್ ಆಳದ್ದಲ್ಲ. ರಸ್ತೆಯನ್ನು ಅಗೆದು ಹಳಿ ಹಾಕಿ ಮೇಲೆ ಮುಚ್ಚಿದ್ದು. ಎರಡೂ ಹಳಿಗಳು ಒಂದೇ ಅಗಲ ಸುರಂಗದಲ್ಲಿವೆ, ರೈಲಿನ ಕಿಟಕಿಗಳೂ ದೊಡ್ಡವು. 1884ರಲ್ಲಿ ತೆರೆದ ಈ ಸ್ಟೇಷನ್ 1967ರ ಫೆಬ್ರವರಿ 5ರಂದು ಮುಚ್ಚಿತು. 1946ರಿಂದ ಇದಕ್ಕೇ ಟವರ್ ಹಿಲ್ ಎಂಬ ಹೆಸರಿತ್ತು. ಹಾಗಾಗಿ ಹಳೇ ಮ್ಯಾಪಿನಲ್ಲಿ ಟವರ್ ಹಿಲ್ ಎಂದಿದ್ದರೆ ಅದು ಈಗಿನದಲ್ಲ, ಈ ಮುಚ್ಚಿದ್ದು.

ಎರಡನೆಯದು ಸೆಂಟ್ರಲ್ ಲೈನಿನ ಬ್ರಿಟಿಷ್ ಮ್ಯೂಸಿಯಂ ಸ್ಟೇಷನ್. ಹೋಬರ್ನ್‌ನಿಂದ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಕಡೆಗೆ ಹೊರಟ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ, ಕಣ್ಣು ಮಿಟುಕಿಸುತ್ತ ಕೂರಬೇಡಿ. 1900ರ ಜುಲೈ 30ರಂದು ತೆರೆದದ್ದು. ಹೋಬರ್ನ್‌ನಲ್ಲಿ ಸೆಂಟ್ರಲ್ ಲೈನಿಗೆ ಹೊಸ ಪ್ಲಾಟ್‌ಫಾರಂ ಸಿದ್ಧವಾದ ಕೂಡಲೇ, 1933ರ ಸೆಪ್ಟೆಂಬರ್ 24ರಂದು ಇದಕ್ಕೆ ಬೀಗ ಬಿತ್ತು. ಇಲ್ಲಿ ಪ್ಲಾಟ್‌ಫಾರಂ ಹುಡುಕಬೇಡಿ, ಅದನ್ನು ಒಡೆದು ತೆಗೆದಿದ್ದಾರೆ. ಕಾಣುವುದು ತಟ್ಟನೆ ಅಗಲವಾಗುವ ಸುರಂಗ ಮತ್ತು ಮಸಿ ಹಿಡಿದ ಬಿಳಿ ಟೈಲ್ಸ್ ಗೋಡೆ. ನೆಲ ನಿರೀಕ್ಷೆಗಿಂತ ಕೆಳಗಿರುತ್ತದೆ.

ಇವೆರಡೂ ಕಂಡ ಮೇಲೆ ಪಿಕಡಿಲಿ ಲೈನಿನ ಮೂರಕ್ಕೆ ಹೋಗಿ. ಕಿಂಗ್ಸ್ ಕ್ರಾಸ್ ಮತ್ತು ಕ್ಯಾಲಿಡೋನಿಯನ್ ರೋಡ್ ನಡುವೆ ಯಾರ್ಕ್ ರೋಡ್ (1906–1932). ಗ್ರೀನ್ ಪಾರ್ಕ್ ಮತ್ತು ಹೈಡ್ ಪಾರ್ಕ್ ಕಾರ್ನರ್ ನಡುವೆ ಡೌನ್ ಸ್ಟ್ರೀಟ್ (1907–1932). ನೈಟ್ಸ್‌ಬ್ರಿಜ್ ಮತ್ತು ಸೌತ್ ಕೆನ್ಸಿಂಗ್ಟನ್ ನಡುವೆ ಬ್ರಾಂಪ್ಟನ್ ರೋಡ್ (1906–1934). ಮೂರೂ ಒಂದೇ ಲೈನಿನಲ್ಲಿರುವುದರಿಂದ ಕಿಂಗ್ಸ್ ಕ್ರಾಸ್‌ನಿಂದ ಸೌತ್ ಕೆನ್ಸಿಂಗ್ಟನ್‌ವರೆಗೆ ಹೋದರೆ ಎರಡು ಸಿಗುತ್ತವೆ. ಕ್ಯಾಲಿಡೋನಿಯನ್ ರೋಡ್‌ನಲ್ಲೇ ಹತ್ತಿದರೆ ಮೂರೂ ಸಿಗುತ್ತವೆ.

ಹೊತ್ತು ಮುಖ್ಯ. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9.30 ಮತ್ತು ಸಂಜೆ 4ರಿಂದ 7ರವರೆಗೆ ದರವೂ ಜಾಸ್ತಿ, ನೂಕುನುಗ್ಗಲೂ ಜಾಸ್ತಿ. ಬಾಗಿಲಿನ ಗಾಜಿನ ಹತ್ತಿರ ನಿಲ್ಲಲು ಜಾಗ ಸಿಗದಿದ್ದರೆ ಹೋದದ್ದೇ ದಂಡ. ಹನ್ನೊಂದರ ಮೇಲೆ ಹೊರಟು ಮೂರೂವರೆಯೊಳಗೆ ಮುಗಿಸಿ.

ವಿಡಿಯೊಗಳನ್ನು ನೋಡಿದರೆ ಬರೀ ಕತ್ತಲೆ. ಸ್ಟೇಷನ್ ಬಂದು ಹೋಯಿತೆಂದು ತಿಳಿಯುವುದು ಹೇಗೆ? ಸುಮ್ಮನೆ ಅಗಲವಾದ ಸುರಂಗವನ್ನೇ ಸ್ಟೇಷನ್ ಅಂದುಕೊಳ್ಳುವ ಅಪಾಯ ಇಲ್ಲವೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬಸವನಹಳ್ಳಿ, ಚಿಕ್ಕಮಗಳೂರು

ಖಂಡಿತ ಇದೆ. ಹೊಸಬರು ಹೇಳುವ ‘ನೋಡಿದೆ’ಗಳಲ್ಲಿ ಎಷ್ಟೋ ಈ ಜಾತಿಯವೇ. ಕಿವಿ, ಗೋಡೆ, ಗಡಿಯಾರ, ಈ ಮೂರರಲ್ಲಿ ಕನಿಷ್ಠ ಎರಡು ಒಪ್ಪಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೊದಲು ಕಿವಿ. ಲಂಡನ್ನಿನವರು ‘ಟ್ಯೂಬ್’ ಎನ್ನುವ ಈ ನೆಲದಡಿ ರೈಲಿನ ಆಳದ ಸುರಂಗದ ಒಳವ್ಯಾಸ ಸುಮಾರು 3.6 ಮೀಟರ್. ರೈಲು ಹೆಚ್ಚುಕಮ್ಮಿ ಗೋಡೆ ಸವರಿಕೊಂಡೇ ಓಡುತ್ತದೆ, ಸದ್ದೆಲ್ಲ ಬೋಗಿಯೊಳಕ್ಕೇ ನುಗ್ಗುತ್ತದೆ. ಪ್ಲಾಟ್‌ಫಾರಂ ಇರುವ ಕಡೆ ಸುರಂಗ ಸುಮಾರು 6.5 ಮೀಟರ್ ಅಗಲ. ಅಲ್ಲಿಗೆ ಬಂದ ಕೂಡಲೇ ಕಿವಿಯ ಮೇಲಿನ ಒತ್ತಡ ಇಳಿದಂತಾಗಿ ಸದ್ದು ಟೊಳ್ಳಾಗುತ್ತದೆ, ದೂರ ಸರಿಯುತ್ತದೆ. ಮತ್ತೆ ಕಿರಿದಾದಾಗ ಭೋರ್ಗರೆತ ವಾಪಸು. ಕಣ್ಣು ಮುಚ್ಚಿಕೊಂಡರೂ ಇದು ತಿಳಿಯುತ್ತದೆ. ಆದರೆ ಡೌನ್ ಸ್ಟ್ರೀಟ್‌ನಲ್ಲಿ ಪ್ಲಾಟ್‌ಫಾರಂ ಅಂಚಿಗೇ ಇಟ್ಟಿಗೆ ಗೋಡೆ ಎಬ್ಬಿಸಿರುವುದರಿಂದ ಸದ್ದು ಟೊಳ್ಳಾಗುವುದಿಲ್ಲ, ಗೋಡೆಗೆ ಬಡಿದು ಚುರುಕಾಗಿ ಹಿಂದಿರುಗುತ್ತದೆ. ಅಲ್ಲಿ ಕಿವಿಯನ್ನೊಂದೇ ನಂಬಿದರೆ ಮೋಸ.

ಎರಡನೆಯದು ಗೋಡೆ. ಹಳೆಯ ಟ್ಯೂಬ್ ಸುರಂಗಗಳ ಒಳಮೈ ಎರಕದ ಕಬ್ಬಿಣದ ತುಂಡುಗಳದು. ಬೋಲ್ಟ್ ಹಾಕಿ ಬಳೆಬಳೆಯಾಗಿ ಜೋಡಿಸಿರುತ್ತಾರೆ. ಬೋಗಿಯ ಬೆಳಕು ಬಿದ್ದಾಗ ಆ ಬಳೆಗಳ ಏಣುಗಳು ಪಟಪಟ ಹಿಂದಕ್ಕೆ ಓಡುವುದು ಕಾಣುತ್ತದೆ. ಆ ಪಟಪಟ ನಿಂತು ನುಣುಪು ಟೈಲ್ಸ್ ಅಥವಾ ಅಡ್ಡ ಸಾಲಿನ ಇಟ್ಟಿಗೆ ಬಂತೋ, ಅದೇ ನಿಮ್ಮ ಸ್ಟೇಷನ್. ಎಡಕ್ಕೆ ನಿಲ್ಲಬೇಕೋ ಬಲಕ್ಕೋ ಎಂದು ಹಲವರು ಕೇಳಿದ್ದಾರೆ. ಆಳದ ಲೈನುಗಳಲ್ಲಿ ಒಂದೊಂದು ಹಳಿಗೂ ಬೇರೆಯೇ ಸುರಂಗ, ಪ್ಲಾಟ್‌ಫಾರಂ ಒಂದೇ ಪಕ್ಕದಲ್ಲಿ. ಎದುರು ಗೋಡೆಗೂ ಟೈಲ್ಸ್ ಹಾಕುತ್ತಿದ್ದುದರಿಂದ ಯಾವ ಕಡೆ ನಿಂತರೂ ಪೂರಾ ನಷ್ಟವಿಲ್ಲ. ಇಬ್ಬರಿದ್ದರೆ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಲ್ಲಿ.

ಇನ್ನು ಗಡಿಯಾರ. ಎಂಜಿನಿಯರಿಂಗ್ ಓದುವವರಿಗೆ ಇದು ಇಷ್ಟವಾದೀತು. ಎರಡು ಸ್ಟೇಷನ್ ನಡುವೆ 1,000 ಮೀಟರ್ ಎಂದಿಟ್ಟುಕೊಳ್ಳಿ. ರೈಲು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1 ಮೀಟರ್‌ನಂತೆ ವೇಗ ಹೆಚ್ಚಿಸಿಕೊಂಡು 12 ಸೆಕೆಂಡಿನಲ್ಲಿ ಸೆಕೆಂಡಿಗೆ 12 ಮೀಟರ್ ವೇಗಕ್ಕೆ ಬಂದರೆ ಅಷ್ಟರಲ್ಲಿ 72 ಮೀಟರ್ ಕ್ರಮಿಸಿರುತ್ತದೆ. ನಿಲ್ಲುವಾಗಲೂ ಅಷ್ಟೇ. ಒಟ್ಟು ಓಟ ಸುಮಾರು 95 ಸೆಕೆಂಡ್. ಮುಚ್ಚಿದ ಸ್ಟೇಷನ್ ಕಾಲು ದೂರದಲ್ಲಿದ್ದರೆ ಹೊತ್ತಿನಲ್ಲೂ ಕಾಲುಭಾಗ, 24 ಸೆಕೆಂಡ್, ಎಂದು ಲೆಕ್ಕ ಹಾಕಿದರೆ ತಪ್ಪು. ಶುರುವಿನ ನಿಧಾನಗತಿಯಿಂದಾಗಿ ಅದು ಬರುವುದು 27ನೇ ಸೆಕೆಂಡಿಗೆ. ಹಳೆಯ ಪ್ಲಾಟ್‌ಫಾರಂಗಳ ಉದ್ದ ಸುಮಾರು 100 ಮೀಟರ್. ಈ ವೇಗದಲ್ಲಿ ನಿಮ್ಮ ಕಣ್ಣಿಗೆ ಸಿಗುವುದು ಎಂಟು ಸೆಕೆಂಡ್. ಅದರಲ್ಲಿ ಮೂರು ಸೆಕೆಂಡ್ ಹೋದರೆ ಮೂರನೇ ಒಂದು ಪಾಲು ಹೋದಂತೆಯೇ. ಮೊದಲ ಸಲ ಏನೂ ನೋಡದೆ, ಚಕ್ರ ಉರುಳಿದ ಗಳಿಗೆಯಿಂದ ಮುಂದಿನ ಸ್ಟೇಷನ್‌ನಲ್ಲಿ ನಿಲ್ಲುವವರೆಗೆ ಫೋನಿನ ಸ್ಟಾಪ್‌ವಾಚ್ ಒತ್ತಿ ಒಟ್ಟು ಹೊತ್ತು ಅಳೆಯಿರಿ. ಎರಡನೇ ಸಲಕ್ಕೆ ಕಾಯಬೇಕಾದ ಸೆಕೆಂಡ್ ಗೊತ್ತಿರುತ್ತದೆ. ರೈಲು ನಡುವೆ ಸಿಗ್ನಲ್ಲಿಗೆ ನಿಧಾನಿಸಿತೋ, ಆ ಲೆಕ್ಕ ಬಿಟ್ಟು ಕಿವಿಗೆ ಮರಳಿ.

ಮೋಸ ಮಾಡುವವು ಯಾವುವು? ಹಳಿ ಬದಲಿಸುವ ಕ್ರಾಸ್‌ಓವರ್, ರೈಲು ತಿರುಗಿಸುವ ಪಕ್ಕದ ಹಳಿ (ಸೈಡಿಂಗ್), ಗಾಳಿಯಾಡಲು ಕೊರೆದ ಬಾವಿ. ಮೂರರಲ್ಲೂ ಸದ್ದು ಟೊಳ್ಳಾಗುತ್ತದೆ, ಸುರಂಗ ಅಗಲವಾಗುತ್ತದೆ, ಆದರೆ ಟೈಲ್ಸ್ ಇರುವುದಿಲ್ಲ. ಡೌನ್ ಸ್ಟ್ರೀಟ್ ಪಕ್ಕದಲ್ಲೇ ಇಂಥ ಸೈಡಿಂಗ್ ಇದೆ. ಆಳದ ಲೈನಿನಲ್ಲಿ ಪಕ್ಕಕ್ಕೆ ಇನ್ನೊಂದು ಜೊತೆ ಹಳಿ ಕಂಡರೆ ನೀವು ನೋಡುತ್ತಿರುವುದು ಸ್ಟೇಷನ್ನನ್ನಲ್ಲ.

ಮ್ಯಾಪಿನಲ್ಲಿ ಎರಡು ಸ್ಟೇಷನ್ ನಡುವೆ ಅಂತರ ಜಾಸ್ತಿ ಕಂಡರೆ ಅಲ್ಲೊಂದು ಮುಚ್ಚಿದ ಸ್ಟೇಷನ್ ಇರಲೇಬೇಕು ಎಂಬ ವಾದವನ್ನೂ ಕೆಲವರು ಬರೆದಿದ್ದಾರೆ. ಓಲ್ಡ್ ಸ್ಟ್ರೀಟ್–ಏಂಜೆಲ್ ನಡುವಿನ ಸಿಟಿ ರೋಡ್ (1901–1922) ವಿಷಯದಲ್ಲಿ ಅದು ನಿಜ. ಬ್ರಿಟಿಷ್ ಮ್ಯೂಸಿಯಂ ವಿಷಯದಲ್ಲಿ ಪೂರ್ತಿ ಉಲ್ಟಾ, ಅದು ಹೋಬರ್ನ್‌ಗೆ ಅಂಟಿಕೊಂಡಂತೆಯೇ ಇದೆ. ಅದೂ ಅಲ್ಲದೆ ಟ್ಯೂಬ್ ಮ್ಯಾಪ್ ಅಳತೆಗೆ ಬರೆದದ್ದಲ್ಲ. ಅಂತರ ನೋಡಬೇಕಾದರೆ ಮಾಮೂಲಿ ರಸ್ತೆ ನಕ್ಷೆ ನೋಡಿ.

ಮದುವೆ ಫೋಟೊ ತೆಗೆಯುವವನು ನಾನು. ಕತ್ತಲಲ್ಲಿ ಓಡುವ ರೈಲಿನ ಗಾಜಿನೊಳಗಿಂದ ಫೋಟೊ ಸಾಧ್ಯವೇ? ಫೋನ್ ಸಾಕೆ?
— ಸ್ಟುಡಿಯೊ ಮಾಲೀಕರು, ಅರಕಲಗೂಡು

ಸಾಧ್ಯ, ಆದರೆ ಮದುವೆ ಮನೆಯ ಅಭ್ಯಾಸಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಫ್ಲ್ಯಾಷ್‌ಗೆ ಅಲ್ಲಿ ಅವಕಾಶವಿಲ್ಲ. ಹಾಕಿದರೂ ಗಾಜಿನಲ್ಲಿ ನಿಮ್ಮ ಮುಖವೇ ಬರುತ್ತದೆ. ನಿಮ್ಮ ನಿಜವಾದ ಶತ್ರು ಕತ್ತಲಲ್ಲ, ಬೋಗಿಯೊಳಗಿನ ಬೆಳಕು. ಕಪ್ಪು ಬಟ್ಟೆಯ ತುಂಡಿಗೆ ಲೆನ್ಸ್ ತೂರುವಷ್ಟು ತೂತು ಮಾಡಿ, ಲೆನ್ಸನ್ನು ಗಾಜಿಗೆ ಒತ್ತಿ, ಸುತ್ತ ಬಟ್ಟೆ ಹರಡಿ ಹಿಡಿಯಿರಿ. ಕ್ಯಾಮೆರಾಗೆ ರಬ್ಬರ್ ಹುಡ್ ಇದ್ದರೆ ಇನ್ನೂ ಒಳ್ಳೆಯದು. ಬರಿಗಣ್ಣಿಗೂ ಇದೇ ಉಪಾಯ: ಎರಡು ಕೈ ಬೊಗಸೆ ಮಾಡಿ ಕಣ್ಣಿನ ಪಕ್ಕ ಗಾಜಿಗೆ ಒತ್ತಿ.

ಶಟರ್ ಲೆಕ್ಕ ಹೀಗಿದೆ. ರೈಲು ಸೆಕೆಂಡಿಗೆ 12 ಮೀಟರ್ ಓಡುತ್ತಿದ್ದರೆ 1/60 ಸೆಕೆಂಡಿನಲ್ಲಿ ಗೋಡೆ 20 ಸೆಂ.ಮೀ. ಜಾರಿರುತ್ತದೆ, ಟೈಲ್ಸ್ ಅಳಿಸಿ ಹೋಗುತ್ತದೆ. 1/250ರಲ್ಲಿ ಸುಮಾರು 5 ಸೆಂ.ಮೀ., ಆಕಾರ ತಿಳಿಯುತ್ತದೆ. ಅದಕ್ಕಿಂತ ಚುರುಕು ಮಾಡಿದರೆ ಬೆಳಕು ಸಾಲದು. ಐಎಸ್‌ಒ 3200ಕ್ಕೆ ಮೇಲೆ, ಅಪರ್ಚರ್ ಪೂರ್ತಿ ತೆರೆದು, ಫೋಕಸ್ಸನ್ನು ಕೈಯಲ್ಲೇ ಸುಮಾರು 2 ಮೀಟರ್‌ಗೆ ನಿಲ್ಲಿಸಿ. ಆಟೋಫೋಕಸ್ ಬಿಟ್ಟರೆ ಅದು ಗಾಜಿನ ಮೇಲಿನ ಬೆರಳಚ್ಚನ್ನೇ ಹಿಡಿಯುತ್ತದೆ. ಫೋನಿನ ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ, ಓಡುವ ಗೋಡೆಗೆ ಆಗಿಬರುವುದಿಲ್ಲ. ಫೋನಾದರೆ ವಿಡಿಯೊ ತೆಗೆದು ಆಮೇಲೆ ಫ್ರೇಂ ಆರಿಸಿಕೊಳ್ಳುವುದೇ ವಾಸಿ. ಸ್ಲೋ ಮೋಷನ್ ಬೇಡ, ಬೆಳಕು ಇನ್ನೂ ಕಮ್ಮಿಯಾಗುತ್ತದೆ. ಫೋಟೊಗೆ ಒಳ್ಳೆಯ ಗಳಿಗೆ ರೈಲು ಸಿಗ್ನಲ್ಲಿಗೆ ತೆವಳಿದಾಗ. ಅದು ನಿಮ್ಮ ಕೈಯಲ್ಲಿಲ್ಲ.

ಸ್ಟೇಷನ್ ಮಾಸ್ಟರಾಗಿ ನಿವೃತ್ತನಾದವನು. ಅಷ್ಟು ಖರ್ಚು ಮಾಡಿ ನೆಲದಡಿ ಸ್ಟೇಷನ್ ಕಟ್ಟಿ, ರೈಲೂ ಓಡುತ್ತಿರುವಾಗ ಮುಚ್ಚುವುದೆಂದರೇನು? ಕೆಲವೇ ರೈಲು ನಿಲ್ಲುವ ಹಾಲ್ಟ್ ಆಗಿಯಾದರೂ ಇಟ್ಟುಕೊಳ್ಳಬಹುದಿತ್ತಲ್ಲ?
— ಅರಸೀಕೆರೆ

ಹಾಲ್ಟ್ ಮಾಡಿ ನೋಡಿದರು ಸಾರ್. ಬ್ರಾಂಪ್ಟನ್ ರೋಡ್‌ನಲ್ಲಿ 1909ರಿಂದಲೇ ಕೆಲವು ರೈಲುಗಳು ನಿಲ್ಲದೆ ಹೋಗುತ್ತಿದ್ದವು. ಆದರೆ ನಿಮಗೆ ತಿಳಿದಿರುವ ಹಾಗೆ ಒಂದು ನಿಲುಗಡೆ ಎಂದರೆ ಬಾಗಿಲು ತೆರೆಯುವ ಹೊತ್ತಷ್ಟೇ ಅಲ್ಲ, ನಿಧಾನಿಸಿ ಮತ್ತೆ ವೇಗ ಹಿಡಿಯುವ ಹೊತ್ತೂ ಸೇರಿ ಹಿಂದಿನ ರೈಲಿಗೆ ತಡೆ. ಮೂರು ನಿಮಿಷಕ್ಕೊಂದು ರೈಲು ಬಿಡುವ ಕಡೆ ಅದು ದುಬಾರಿ.

ಕುತ್ತಿಗೆಗೆ ಬಂದದ್ದು ಎಸ್ಕಲೇಟರ್. 1906–07ರ ಸ್ಟೇಷನ್‌ಗಳೆಲ್ಲ ಲಿಫ್ಟಿನವು. ಲಿಫ್ಟ್ ನೆಟ್ಟಗೆ ಇಳಿಯುತ್ತದೆ, ಹಾಗಾಗಿ ಬಾಗಿಲು ಪ್ಲಾಟ್‌ಫಾರಂನ ತಲೆಯ ಮೇಲೇ ಬೇಕು. ಎಸ್ಕಲೇಟರ್ ಇಳಿಯುವುದು 30 ಡಿಗ್ರಿ ಓರೆಯಲ್ಲಿ. 20 ಮೀಟರ್ ಆಳಕ್ಕೆ ಅಡ್ಡಡ್ಡ ಸುಮಾರು 35 ಮೀಟರ್ ಜಾಗ ಬೇಕು. ಅಂದರೆ 1930ರ ದಶಕದಲ್ಲಿ ಎಸ್ಕಲೇಟರ್ ಹಾಕಿ ಹೊಸದಾಗಿ ಕಟ್ಟುವಾಗ ಸ್ಟೇಷನ್‌ನ ಬಾಗಿಲನ್ನೇ ರಸ್ತೆಯುದ್ದಕ್ಕೂ ಸರಿಸುವ ಅವಕಾಶ ಸಿಕ್ಕಿತು. ಗ್ರೀನ್ ಪಾರ್ಕ್, ಹೈಡ್ ಪಾರ್ಕ್ ಕಾರ್ನರ್‌ಗಳ ಹೊಸ ಬಾಗಿಲುಗಳು ಡೌನ್ ಸ್ಟ್ರೀಟ್‌ನ ಕಡೆಗೆ ಬಂದವು. ನೈಟ್ಸ್‌ಬ್ರಿಜ್‌ನ ಹೊಸ ಬಾಗಿಲು ಬ್ರಾಂಪ್ಟನ್ ರೋಡ್ ಕಡೆಗೆ ಬಂತು. ನಡುವಿನ ಸ್ಟೇಷನ್‌ಗೆ ಗಿರಾಕಿಯೇ ಉಳಿಯಲಿಲ್ಲ. ಡೌನ್ ಸ್ಟ್ರೀಟ್ ಇರುವುದು ಮೇಫೇರ್ ಎಂಬ ಶ್ರೀಮಂತರ ಬಡಾವಣೆಯಲ್ಲಿ, ಅಲ್ಲಿನವರು ಟ್ಯೂಬ್ ಹತ್ತುವ ಪೈಕಿಯೂ ಅಲ್ಲ.

ಲಿಫ್ಟ್‌ನಿಂದಲೇ ಸತ್ತದ್ದು ಆಲ್ಡ್‌ವಿಚ್. ಹೋಬರ್ನ್‌ನಿಂದ ಒಂದೇ ಸ್ಟೇಷನ್‌ನ ಕವಲು ಲೈನ್ ಅದು. ಲಿಫ್ಟ್ ಬದಲಿಸುವ ಖರ್ಚು ಗಿಟ್ಟುವುದಿಲ್ಲವೆಂದು 1994ರ ಸೆಪ್ಟೆಂಬರ್ 30ರಂದು ಮುಚ್ಚಿದರು. ಇನ್ನು ಸೌತ್ ಕೆಂಟಿಶ್ ಟೌನ್‌ನದ್ದು ವಿಚಿತ್ರ. 1924ರ ಜೂನ್ 5ರಂದು ಟ್ಯೂಬ್ ರೈಲಿಗೆ ಕರೆಂಟ್ ಕೊಡುತ್ತಿದ್ದ ಲಾಟ್ಸ್ ರೋಡ್ ವಿದ್ಯುತ್ ಸ್ಥಾವರದಲ್ಲಿ ಮುಷ್ಕರವಾಗಿ ತಾತ್ಕಾಲಿಕವೆಂದು ಬಾಗಿಲು ಹಾಕಿದರು. ಮುಷ್ಕರ ಮುಗಿಯಿತು, ಬಾಗಿಲು ತೆರೆಯಲಿಲ್ಲ. ಹ್ಯಾಂಪ್‌ಸ್ಟೆಡ್–ಗೋಲ್ಡರ್ಸ್ ಗ್ರೀನ್ ನಡುವಿನ ನಾರ್ತ್ ಎಂಡ್ ತೆರೆಯಲೇ ಇಲ್ಲ, 1906ರಲ್ಲಿ ಕೆಲಸ ಅರ್ಧಕ್ಕೆ ನಿಂತಿತು. ತೆರೆದಿದ್ದರೆ 67 ಮೀಟರ್ ಆಳದ ಅದೇ ಇಡೀ ಜಾಲದಲ್ಲಿ ಅತಿ ಆಳದ ಸ್ಟೇಷನ್ ಆಗುತ್ತಿತ್ತು. ಈಗ ಆ ಪಟ್ಟ ಹ್ಯಾಂಪ್‌ಸ್ಟೆಡ್‌ನದ್ದು, 58 ಮೀಟರ್ ಚಿಲ್ಲರೆ.

ನಿಮ್ಮ ವೃತ್ತಿಯವರಿಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಯುದ್ಧಕಾಲದಲ್ಲಿ ಬ್ರಿಟನ್ನಿನ ರೈಲುಗಳನ್ನೆಲ್ಲ ನಿಯಂತ್ರಿಸುತ್ತಿದ್ದ ರೈಲ್ವೆ ಎಕ್ಸಿಕ್ಯೂಟಿವ್ ಕಮಿಟಿಯ ಆಫೀಸು ಇದ್ದದ್ದು ಡೌನ್ ಸ್ಟ್ರೀಟ್‌ನ ಕೆಳಗೇ. ಅದಕ್ಕಾಗಿಯೇ ಪ್ಲಾಟ್‌ಫಾರಂಗೆ ಗೋಡೆ ಎಬ್ಬಿಸಿದರು. ಚಿಕ್ಕ ತುಂಡೊಂದನ್ನು ಮಾತ್ರ ಉಳಿಸಿಕೊಂಡರು. ಅಲ್ಲಿಂದ ಕೆಂಪು ಸಿಗ್ನಲ್ ತೋರಿಸಿ ರೈಲು ನಿಲ್ಲಿಸಿ, ಅಧಿಕಾರಿಗಳು ಡ್ರೈವರ್ ಕ್ಯಾಬ್ ಹತ್ತಿ ಹೋಗುತ್ತಿದ್ದರು. 1940ರಲ್ಲಿ ಚರ್ಚಿಲ್ ಸಹ ಇಲ್ಲಿ ಆಶ್ರಯ ಪಡೆದಿದ್ದರು. ಇಟ್ಟಿಗೆ ಗೋಡೆಯ ನಡುವೆ ಅರೆಗಳಿಗೆ ಕಾಣುವ ಕಿಂಡಿಗಳನ್ನು ನೋಡುವಾಗ ಇದು ನೆನಪಿರಲಿ.

ಮೊಣಕಾಲು ನೋವು. ಕೆಳಗಿಳಿದು ರೈಲು ಹತ್ತಿ ಒದ್ದಾಡಲಾರೆ. ರಸ್ತೆಯಲ್ಲೇ ನಿಂತು ಗುರುತಿಸಬಹುದೆ?
— ಗೃಹಿಣಿ, ಬೇಲೂರು

ಗುರುತಿಸಬಹುದು, ಅದೇ ಹೆಚ್ಚು ನೆಮ್ಮದಿಯ ಕೆಲಸ. 1906–07ರ ಕಾಲದ ನಲವತ್ತಕ್ಕೂ ಹೆಚ್ಚು ಸ್ಟೇಷನ್‌ಗಳನ್ನು ವಿನ್ಯಾಸ ಮಾಡಿದ್ದು ಲೆಸ್ಲಿ ಗ್ರೀನ್ ಎಂಬ ಒಬ್ಬರೇ. 1908ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 33 ವರ್ಷ. ಎರಡಂತಸ್ತಿನ ಕಟ್ಟಡ, ಮುಂಭಾಗಕ್ಕೆಲ್ಲ ಹೊಳಪು ಹಾಕಿ ಸುಟ್ಟ ಮಣ್ಣಿನ ಬ್ಲಾಕು. ಬಣ್ಣ ಗಿಡದಲ್ಲೇ ಅತಿಯಾಗಿ ಮಾಗಿದ ಕಾಫಿ ಹಣ್ಣಿನ ಕಡುಗೆಂಪು. ಮೇಲಂತಸ್ತಿನಲ್ಲಿ ಅರ್ಧಚಂದ್ರದ ದೊಡ್ಡ ಕಿಟಕಿಗಳ ಸಾಲು. ಮೇಲೆ ಆಫೀಸು ಕಟ್ಟಿ ಬಾಡಿಗೆಗೆ ಕೊಡಲೆಂದು ಚಪ್ಪಟೆ ಚಾವಣಿ. ಈ ನಾಲ್ಕೂ ಒಟ್ಟಿಗೆ ಕಂಡು, ಹತ್ತಿರ ಟ್ಯೂಬ್‌ನ ಬೋರ್ಡಿಲ್ಲದಿದ್ದರೆ ಅನುಮಾನವೇ ಬೇಡ.

ಡೌನ್ ಸ್ಟ್ರೀಟ್‌ಗೆ ಗ್ರೀನ್ ಪಾರ್ಕ್‌ನಿಂದ ಪಿಕಡಿಲಿ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದು ಬಲಕ್ಕೆ ತಿರುಗಬೇಕು. ಯಾರ್ಕ್ ರೋಡ್‌ನ ಕಟ್ಟಡ ಕಿಂಗ್ಸ್ ಕ್ರಾಸ್‌ನ ಉತ್ತರಕ್ಕೆ ಯಾರ್ಕ್ ವೇ ರಸ್ತೆಯಲ್ಲಿದೆ. ಸೌತ್ ಕೆಂಟಿಶ್ ಟೌನ್‌ನದ್ದು ಕೆಂಟಿಶ್ ಟೌನ್ ರೋಡ್‌ನಲ್ಲಿ, ಕೆಳಗೆ ವ್ಯಾಪಾರ ನಡೆಯುತ್ತದೆ. ಬ್ರಾಂಪ್ಟನ್ ರೋಡ್‌ನ ಮುಖ್ಯ ಮುಂಭಾಗ ಒಡೆದು ಹೋಗಿದೆ, ಕಾಟೇಜ್ ಪ್ಲೇಸ್ ಎಂಬ ಪಕ್ಕದ ಓಣಿಗೆ ತಿರುಗಿದರೆ ಉಳಿದದ್ದು ಕಾಣುತ್ತದೆ. ಎಲ್ಲಕ್ಕಿಂತ ಚೆಂದದ್ದು ಆಲ್ಡ್‌ವಿಚ್. ಸ್ಟ್ರ್ಯಾಂಡ್ ರಸ್ತೆಯ ಕಡೆಯ ಮುಖದ ಮೇಲೆ ಈಗಲೂ ‘ಸ್ಟ್ರ್ಯಾಂಡ್ ಸ್ಟೇಷನ್’ ಎಂದೇ ಇದೆ. 1907ರಲ್ಲಿ ತೆರೆದಾಗಿನ ಹೆಸರದು, 1915ರಲ್ಲಿ ಬದಲಾಯಿತು. ಹೋಗುವ ಮೊದಲು ಮನೆಯಲ್ಲೇ ಕಂಪ್ಯೂಟರಿನಲ್ಲಿ ರಸ್ತೆ ಚಿತ್ರಗಳನ್ನು ತೆರೆದು ಒಂದೊಂದನ್ನೂ ಗುರುತು ಮಾಡಿಕೊಳ್ಳಿ. ಕಾಲಿಗೆ ಆಯಾಸ ಅರ್ಧವಾಗುತ್ತದೆ.

ಬ್ರಿಟಿಷ್ ಮ್ಯೂಸಿಯಂ ಸ್ಟೇಷನ್‌ನಲ್ಲಿ ಈಜಿಪ್ಟಿನ ದೆವ್ವ ಇದೆಯಂತೆ, ನಿಜವೆ?
— ಪಿಯುಸಿ ವಿದ್ಯಾರ್ಥಿನಿ, ಆಲೂರು

ಕತೆ ಇದೆ. ದೆವ್ವ ಇರಲಿ ಬಿಡಲಿ, ರೈಲು ಅಲ್ಲಿ ನಿಲ್ಲುವುದಿಲ್ಲ.

ಕಾಫಿ ವ್ಯವಹಾರದ ಮೇಲೆ ಪ್ಯಾರಿಸ್, ನ್ಯೂಯಾರ್ಕ್‌ಗೆ ಹೋಗುವುದಿದೆ. ಅಲ್ಲೂ ಇಂಥವಿವೆಯೆ? ಒಂದೊಂದು ಸಂಜೆಯಷ್ಟೇ ಬಿಡುವು.
— ತೋಟದ ಮಾಲೀಕರು, ಮೂಡಿಗೆರೆ

ಒಂದು ಸಂಜೆ ಧಾರಾಳ ಸಾಕು. ಪ್ಯಾರಿಸ್‌ನಲ್ಲಿ ನೋಡುವುದು ಲಂಡನ್ನಿಗಿಂತ ಸುಲಭ. ಅಲ್ಲಿ ಎರಡೂ ಹಳಿಗಳು ಒಂದೇ ದೊಡ್ಡ ಕಮಾನಿನಡಿ, ಎರಡು ಬದಿಗೂ ಪ್ಲಾಟ್‌ಫಾರಂ. ಇಡೀ ಸ್ಟೇಷನ್ ಕತ್ತಲಲ್ಲಿ ನಿಂತಿರುತ್ತದೆ. 1939ರ ಸೆಪ್ಟೆಂಬರ್ 2ರಂದು, ಯುದ್ಧಕ್ಕೆ ಸಿಬ್ಬಂದಿ ಹೋದದ್ದರಿಂದ ಹಲವು ಸ್ಟೇಷನ್‌ಗಳನ್ನು ಒಟ್ಟಿಗೇ ಮುಚ್ಚಿದರು, ಕೆಲವು ಮತ್ತೆ ತೆರೆಯಲಿಲ್ಲ. 5ನೇ ಲೈನಿನಲ್ಲಿ ಬಾಸ್ತೀಲ್ ಮತ್ತು ಕೇ ದ ಲಾ ರಾಪೆ ನಡುವೆ ಆರ್ಸೆನಾಲ್, 10ನೇ ಲೈನಿನಲ್ಲಿ ಸೆವ್ರ್–ಬಾಬಿಲೋನ್ ಮತ್ತು ಮಾಬಿಯೋನ್ ನಡುವೆ ಕ್ರುವಾ ರೂಜ್. ಈ ಎರಡು ಹಿಡಿದರೆ ಸಾಕು.

ನ್ಯೂಯಾರ್ಕ್‌ನಲ್ಲಿ 6ನೇ ನಂಬರಿನ ರೈಲು ಹತ್ತಿ ದಕ್ಷಿಣದ ಕೊನೇ ನಿಲ್ದಾಣ ಬ್ರೂಕ್ಲಿನ್ ಬ್ರಿಜ್–ಸಿಟಿ ಹಾಲ್‌ನಲ್ಲಿ ಇಳಿಯದೆ ಕೂತಿರಿ. ರೈಲು ಸುತ್ತು ಹಾಕಿಕೊಂಡು ಉತ್ತರಕ್ಕೆ ಹೊರಡುವ ದಾರಿಯಲ್ಲಿ 1904ರ ಹಳೇ ಸಿಟಿ ಹಾಲ್ ಸ್ಟೇಷನ್ ಬರುತ್ತದೆ. ಟೈಲ್ಸ್ ಕಮಾನು, ಗಾಜಿನ ಬೆಳಕಿಂಡಿ, ತೂಗುದೀಪ. ಮುಚ್ಚಲು ಕಾರಣ ತಿರುವು. ಪ್ಲಾಟ್‌ಫಾರಂ ಎಷ್ಟು ಬಾಗಿದೆಯೆಂದರೆ ಬೋಗಿಯ ನಡುವೆ ಬಾಗಿಲಿರುವ ಉದ್ದ ರೈಲುಗಳು ಬಂದ ಮೇಲೆ ಬಾಗಿಲಿಗೂ ಅಂಚಿಗೂ ಅಪಾಯದ ಸಂದು ಬೀಳುತ್ತಿತ್ತು. 1945ರ ಡಿಸೆಂಬರ್ 31ಕ್ಕೆ ಮುಗಿಯಿತು. ಸಿಬ್ಬಂದಿ ಇಳಿಯಿರಿ ಎಂದರೆ ಇಳಿದುಬಿಡಿ, ಮುಂದಿನ ರೈಲಿನಲ್ಲಿ ನೋಡಬಹುದು. ಅದೇ 6ನೇ ನಂಬರಿನಲ್ಲಿ 14ನೇ ಸ್ಟ್ರೀಟ್ ಮತ್ತು 23ನೇ ಸ್ಟ್ರೀಟ್ ನಡುವೆ, 1948ರಲ್ಲಿ ಮುಚ್ಚಿದ 18ನೇ ಸ್ಟ್ರೀಟ್ ಕೂಡ ಸಿಗುತ್ತದೆ.

ಬರ್ಲಿನ್ನಿನ ‘ಪ್ರೇತ ನಿಲ್ದಾಣ’ಗಳನ್ನು ಏಕೆ ಬಿಟ್ಟಿರಿ?
— ಇತಿಹಾಸ ಉಪನ್ಯಾಸಕರು, ಹಾಸನ

ಅವು ಈಗ ಮುಚ್ಚಿಲ್ಲ. 1961ರ ಆಗಸ್ಟ್‌ನಲ್ಲಿ ನಗರ ಇಬ್ಭಾಗವಾದಾಗ ಪಶ್ಚಿಮದ ರೈಲುಗಳು ಪೂರ್ವ ಬರ್ಲಿನ್ನಿನ ಕೆಳಗೆ ನಿಲ್ಲದೆ ಹಾದುಹೋಗುತ್ತಿದ್ದವು. 1989ರ ನವೆಂಬರ್ 11ರಂದು ಯಾನೋವಿಟ್ಸ್‌ಬ್ರುಕ್ಕೆ ಸ್ಟೇಷನ್ ಮೊದಲು ತೆರೆಯಿತು, ಆಮೇಲೆ ಉಳಿದವು. ನಾರ್ಡ್‌ಬಾನ್‌ಹೋಫ್ ಸ್ಟೇಷನ್‌ನಲ್ಲಿ ಇದರ ಬಗ್ಗೆ ಪ್ರದರ್ಶನವಿದೆ, ಅಲ್ಲಿ ಇಳಿದು ನೋಡಿ.

ಲಂಡನ್ ಯಾರಿಗೆ ಬೇಕು ಮಾರಾಯ್ರೆ, ನಮ್ಮ ಘಾಟಿಯ ಎಡಕುಮೇರಿ ಸ್ಟೇಷನ್ನೇ ಇದೆಯಲ್ಲ! ಹಳಿ ಮೇಲೆ ನಡೆದು ಸುರಂಗಗಳಲ್ಲಿ ಅಭ್ಯಾಸ ಮಾಡಿಕೊಳ್ಳಬಹುದಾ? ಬೆಂಗಳೂರು ಮೆಟ್ರೊದಲ್ಲಿ ಇಂಥದ್ದೇನಾದರೂ?
— ಗೆಳೆಯರ ಬಳಗ, ಸಕಲೇಶಪುರ

ನಡೆಯುವ ಮಾತು ಬೇಡವೇ ಬೇಡ. ಹಳಿ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ, ದಂಡ ಮಾತ್ರವಲ್ಲ ಜೈಲೂ ಆಗಬಹುದು. ಎಡಕುಮೇರಿ, ಕಡಗರವಳ್ಳಿ, ದೋಣಿಗಲ್‌ಗಳು ಪಾಳುಬಿದ್ದ ಸ್ಟೇಷನ್‌ಗಳೂ ಅಲ್ಲ. ಎದುರು ರೈಲಿಗೆ ದಾರಿ ಬಿಡಲು, ಘಾಟಿ ಇಳಿಯುವ ರೈಲುಗಳನ್ನು ತಡೆದು ಬಿಡಲು ಈಗಲೂ ಕೆಲಸ ಮಾಡುತ್ತಿವೆ. ಮೀಟರ್‌ಗೇಜ್ ಬದಲಿಸಲು 1996ರಲ್ಲಿ ಲೈನ್ ಮುಚ್ಚಿ, 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಬರುವವರೆಗಿನ ವರ್ಷಗಳಲ್ಲಿ ಚಾರಣಕ್ಕೆ ಹೋದವರ ಮಾತು ಕೇಳಿ ಈಗ ಹೊರಡಬೇಡಿ. ಈ ಏರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಎತ್ತರ. ಇಳಿಯುವ ಗೂಡ್ಸ್ ರೈಲು ನಿಮ್ಮನ್ನು ಕಂಡರೂ ನಿಲ್ಲಲಾರದು. ಮಳೆಗಾಲದ ಸುರಂಗದಲ್ಲಿ ನೀರಿನ ಸದ್ದಿಗೆ ಅದು ಬರುವುದು ಕೇಳುವುದೂ ಇಲ್ಲ.

ಅಭ್ಯಾಸ ಮಾಡಬೇಕೆಂದರೆ ಹಗಲಿನ ಮಂಗಳೂರು ರೈಲಿಗೆ ಟಿಕೆಟ್ ತೆಗೆದು ಒಳಗೇ ಕೂತು ಮಾಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳಿವೆ. ಕಣ್ಣು ಮುಚ್ಚಿಕೊಂಡು, ಸದ್ದು ಕೇಳಿಯೇ ಸುರಂಗ ಶುರುವಾದದ್ದು, ಮುಗಿದದ್ದು, ಒಳಗೆ ಬಂಡೆಯಿಂದ ಕಾಂಕ್ರೀಟ್ ಗೋಡೆಗೆ ಬದಲಾದದ್ದು ಹೇಳಲು ನೋಡಿ. ಇಷ್ಟು ಬಂದರೆ ಲಂಡನ್ನಿನಲ್ಲಿ ಕಿವಿ ಮೋಸ ಹೋಗುವುದಿಲ್ಲ.

ಬೆಂಗಳೂರಿನ ನೆಲದಡಿ ಮೆಟ್ರೊ ಓಡಲು ಶುರುವಾದದ್ದೇ 2016ರ ಏಪ್ರಿಲ್‌ನಲ್ಲಿ. ಮುಚ್ಚಿದ್ದು ಯಾವುದೂ ಇಲ್ಲ.

ಲಂಡನ್ನಿನ ಅಣ್ಣನ ಮನೆಗೆ ಹೋದಾಗ ಇದೇ ಹುಚ್ಚಿನಲ್ಲಿ ಹಿಂದೆ–ಮುಂದೆ ರೈಲಿನಲ್ಲಿ ಓಡಾಡಿ, ಹತ್ತಿದ ಸ್ಟೇಷನ್‌ನಲ್ಲೇ ಹೊರಬಂದೆ. ಕಾರ್ಡಿನಿಂದ ಸಿಕ್ಕಾಪಟ್ಟೆ ದುಡ್ಡು ಕಡಿತವಾಯಿತು. ಯಾಕೆ?
— ಕಡೂರು

ಗೇಟಿಗೆ ನೀವು ಸ್ಟೇಷನ್ ನೋಡುತ್ತಿದ್ದಿರಿ ಎಂದು ಗೊತ್ತಿಲ್ಲ. ಒಳಹೋದಾಗಿನಿಂದ ಹೊರಬರುವವರೆಗೆ ಎಷ್ಟು ಹೊತ್ತು ಇರಬಹುದು ಎಂಬುದಕ್ಕೆ ದರಕ್ಕಾಗಿ ನಗರವನ್ನು ಹಂಚಿದ ವಲಯಗಳ ಲೆಕ್ಕದಲ್ಲಿ ಮಿತಿ ಇದೆ. ಅದು ಮೀರಿದರೆ ಒಂದಲ್ಲ, ಎರಡು ಗರಿಷ್ಠ ದರ ಬೀಳಬಹುದು. ಹತ್ತಿದಲ್ಲೇ ಇಳಿದರೂ ಗೇಟು ಅದನ್ನು ಸರಿಯಾದ ಪ್ರಯಾಣವೆಂದು ಒಪ್ಪುವುದಿಲ್ಲ. ಹೀಗೆ ಬಿದ್ದ ಗರಿಷ್ಠ ದರ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕಡಿತವಿಲ್ಲ ಎಂಬ ಮಿತಿಯ ಲೆಕ್ಕಕ್ಕೂ ಸೇರುವುದಿಲ್ಲ. ಆದ್ದರಿಂದ ಒಂದು ಸಲ ಕಾರ್ಡ್ ತೋರಿಸಿ ಒಳಹೋದರೆ ಮುಕ್ಕಾಲು ಗಂಟೆಯೊಳಗೆ ಬೇರೆ ಸ್ಟೇಷನ್‌ನಲ್ಲಿ ಹೊರಬನ್ನಿ, ಗಾಳಿ ಕುಡಿದು ಮತ್ತೆ ಒಳಹೋಗಿ. ಒಳಗೆ–ಹೊರಗೆ ಎರಡಕ್ಕೂ ಒಂದೇ ಕಾರ್ಡ್ ಬಳಸಿ. ಹೋಗುವಾಗ ಕಾರ್ಡ್, ಬರುವಾಗ ಅದೇ ಕಾರ್ಡ್ ಸೇರಿಸಿದ ಫೋನ್ ತೋರಿಸಿದರೆ ಎರಡೂ ಅರ್ಧ ಪ್ರಯಾಣವಾಗುತ್ತವೆ. ಅಲ್ಲಿ 60 ದಾಟಿದವರಿಗೆ ಕೊಡುವ ಉಚಿತ ಕಾರ್ಡ್ ಲಂಡನ್ ನಿವಾಸಿಗಳಿಗೆ ಮಾತ್ರ, ಮಕ್ಕಳನ್ನು ನೋಡಲು ಹೋದವರಿಗೆ ಸಿಗದು.

ಕೆಳಗಿಳಿದೇ ನೋಡಬೇಕು ಎನ್ನುವವರಿಗೆ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ನಡೆಸುವ ‘ಹಿಡನ್ ಲಂಡನ್’ ಪ್ರವಾಸಗಳಿವೆ. ಆಲ್ಡ್‌ವಿಚ್, ಡೌನ್ ಸ್ಟ್ರೀಟ್‌ಗಳಿಗೆ ಒಳಗೆ ಹೋಗುವ ದಾರಿ ಅದೊಂದೇ. ಟಿಕೆಟ್ ಬಿಟ್ಟ ಕೂಡಲೇ ಖಾಲಿಯಾಗುತ್ತವೆ, ಅಲ್ಲಿಗೆ ಹೋದ ಮೇಲೆ ನೋಡೋಣ ಎಂದರೆ ಸಿಗುವುದಿಲ್ಲ. ಇಲ್ಲಿಂದಲೇ ಕಾಯ್ದಿರಿಸಿ. ಬೇಸಿಗೆಯಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅವರ ಬೆಳಿಗ್ಗೆ ಹತ್ತಕ್ಕೆ ಟಿಕೆಟ್ ಬಿಟ್ಟರೆ ಜೂನ್‌ನಲ್ಲಿ ನಮಗೆ ಮಧ್ಯಾಹ್ನ ಎರಡೂವರೆ. ಆಲ್ಡ್‌ವಿಚ್‌ನಲ್ಲಿ ಲಿಫ್ಟ್ ನಡೆಯುವುದಿಲ್ಲ, ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಅಷ್ಟನ್ನೇ ಹತ್ತಬೇಕು. ಚಪ್ಪಲಿ ಬೇಡ, ಕಾಲು ಮುಚ್ಚುವ ಚಪ್ಪಟೆ ಶೂ ಹಾಕಿಕೊಂಡು ಹೋಗಿ.